ಕೆಲಸ ನಿಲ್ಲಿಸುವ ಮುನ್ನ: ಮುಷ್ಕರದ ಸಿದ್ಧತೆಯ ಚರಿತ್ರೆ

ಭಾರತದ ಗಿರಣಿಗಳಲ್ಲಿ ಮುಷ್ಕರಕ್ಕೆ ಸಂಘಕ್ಕಿಂತ ಹೆಚ್ಚು ವಯಸ್ಸು. ನಾಗಪುರದ ಎಂಪ್ರೆಸ್ ಮಿಲ್ಲಿನ ಕಾರ್ಮಿಕರು ಕೂಲಿಯ ತಕರಾರಿಗೆ 1877ರಲ್ಲೇ ಕೆಲಸ ಬಿಟ್ಟು ಹೊರಬಂದಿದ್ದರು. ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು ಅದಾಗಿ ಸುಮಾರು 50 ವರ್ಷದ ಮೇಲೆ. ನಡುವಿನ ಕಾಲದ ಮುಷ್ಕರಗಳಿಗೆ ಸಿದ್ಧತೆ ಎಂಬುದೇ ಇರುತ್ತಿರಲಿಲ್ಲ ಎನ್ನಬಹುದು. ಮಗ್ಗದ ಖಾತೆಯಲ್ಲೋ ನೂಲಿನ ಖಾತೆಯಲ್ಲೋ ದಂಡ ಹಾಕಿದ್ದಕ್ಕೆ, ದರ ಇಳಿಸಿದ್ದಕ್ಕೆ, ಯಾರನ್ನೋ ಹೊಡೆದದ್ದಕ್ಕೆ ಜನ ಕೆರಳಿ ಯಂತ್ರ ನಿಲ್ಲಿಸುತ್ತಿದ್ದರು. ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದ ಜಾಬರನೇ ಎಷ್ಟೋ ಸಲ ಮುಂದಾಳು. ಎರಡು ಮೂರು ದಿನದಲ್ಲಿ ಮಾಲೀಕ ಸ್ವಲ್ಪ ಬಗ್ಗಿದರೆ ಸರಿ, ಇಲ್ಲವಾದರೆ ಜಾಬರನೇ ಜನರನ್ನು ವಾಪಸು ಕರೆದುಕೊಂಡು ಹೋಗುತ್ತಿದ್ದ. 1908ರ ಜುಲೈಯಲ್ಲಿ ಟಿಳಕರಿಗೆ 6 ವರ್ಷದ ಶಿಕ್ಷೆಯಾದಾಗ ಮುಂಬಯಿಯ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ 6 ದಿನ ಕೆಲಸ ನಿಲ್ಲಿಸಿದರು. ಅಷ್ಟು ಜನ ಒಟ್ಟಾಗಿ ನಿಲ್ಲಬಲ್ಲರೆಂದು ಆಗ ತಿಳಿಯಿತು. ಆದರೆ 6 ದಿನದ ನಂತರ ಏನು ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಆ ಪ್ರಶ್ನೆ ಎದುರಾದದ್ದು 1918ರ ಅಹಮದಾಬಾದಿನಲ್ಲಿ. ಹಿಂದಿನ ವರ್ಷ ಊರಿಗೆ ಪ್ಲೇಗು ಬಂದಿತ್ತು. ಕೆಲಸಗಾರರು ಊರು ಬಿಟ್ಟು ಓಡದಿರಲೆಂದು ಮಾಲೀಕರು ಕೂಲಿಯ ಮೇಲೆ ದೊಡ್ಡ ಮೊತ್ತದ ಪ್ಲೇಗು ಬೋನಸ್ ಕೊಟ್ಟರು. ಕೆಲವರಿಗೆ ಅದು ಕೂಲಿಯ ಶೇಕಡಾ 70–80ರವರೆಗೂ ಹೋಗಿತ್ತು. ರೋಗ ಇಳಿಯಿತು, ಬೋನಸ್ ನಿಲ್ಲಿಸುವುದಾಗಿ ಮಾಲೀಕರು ಸಾರಿದರು. ಯುದ್ಧಕಾಲದ ಬೆಲೆಯೇರಿಕೆ ಮಾತ್ರ ಹಾಗೆಯೇ ಇತ್ತು. ನೇಕಾರರು ಶೇಕಡಾ 50ರಷ್ಟು ಹೆಚ್ಚಳ ಕೇಳಿದರು, ಮಾಲೀಕರು 20ರ ಮೇಲೆ ಏರಲಿಲ್ಲ. ಗಾಂಧೀಜಿ, ವಲ್ಲಭಭಾಯಿ ಪಟೇಲ್ ಮತ್ತು ಶಂಕರಲಾಲ್ ಬ್ಯಾಂಕರ್ ಕಾರ್ಮಿಕರ ಪರವಾಗಿ ಪಂಚಾಯಿತಿಗೆ ಕುಳಿತರು. ಪಂಚಾಯಿತಿ ಮುರಿದುಬಿದ್ದು ಫೆಬ್ರವರಿ 22ರಂದು ಮಾಲೀಕರು ಗಿರಣಿಗಳಿಗೆ ಬೀಗ ಹಾಕಿದರು. ಕಾರ್ಮಿಕರಿಗೆ ಮಾರ್ಗದರ್ಶಿಯಾಗಿದ್ದ ಅನಸೂಯಾ ಸಾರಾಭಾಯಿ ಮಾಲೀಕರ ಮುಖಂಡ ಅಂಬಾಲಾಲ್ ಸಾರಾಭಾಯಿಯವರ ಸ್ವಂತ ಅಕ್ಕ. ಈ ಜಗಳದ ಬಗ್ಗೆ ಬರೆದವರೆಲ್ಲ ಇದನ್ನು ಹೇಳದೆ ಮುಂದೆ ಹೋಗಿಲ್ಲ. ಆದರೆ ಸಿದ್ಧತೆಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದ ಸಂಗತಿಗಳು ಬೇರೆ ಇವೆ.

ಮೊದಲನೆಯದು ಬೇಡಿಕೆಯ ಅಂಕಿ. ಅಹಮದಾಬಾದಿನ ಕೂಲಿ, ಮುಂಬಯಿಯ ಕೂಲಿ, ಗಿರಣಿಯ ಲಾಭ, ಮನೆಖರ್ಚು ಇವನ್ನೆಲ್ಲ ವಿಚಾರಿಸಿ ಗಾಂಧೀಜಿ ಮತ್ತು ಜೊತೆಯವರು ನ್ಯಾಯವಾದ ಹೆಚ್ಚಳ ಶೇಕಡಾ 35 ಎಂದು ಲೆಕ್ಕ ಹಾಕಿದರು. 50 ಕೇಳುತ್ತಿದ್ದವರನ್ನು 35ಕ್ಕೆ ಒಪ್ಪಿಸುವುದು ಸಣ್ಣ ಕೆಲಸವಲ್ಲ. ಚೌಕಾಸಿಗೆಂದು ಏರಿಸಿಟ್ಟ ಅಂಕಿಯಲ್ಲ ಇದು, ಆದ್ದರಿಂದ ಇದರಿಂದ ಇಳಿಯುವ ಹಾಗೂ ಇಲ್ಲ ಎಂಬುದು ಕಾರ್ಮಿಕರಿಗೆ ಕೆಲಸ ನಿಂತ ಮೊದಲ ವಾರದಲ್ಲೇ ಮನವರಿಕೆಯಾಗಬೇಕಿತ್ತು. ಎರಡನೆಯದು ಪ್ರತಿಜ್ಞೆ. 35 ಸಿಗುವವರೆಗೆ ಕೆಲಸಕ್ಕೆ ಹೋಗುವುದಿಲ್ಲ, ಅಲ್ಲಿಯವರೆಗೆ ಗಲಾಟೆ, ಹೊಡೆದಾಟ, ಲೂಟಿ ಮಾಡುವುದಿಲ್ಲ ಎಂದು ಸಾವಿರಾರು ಜನ ಸಭೆಯಲ್ಲಿ ಮಾತು ಕೊಟ್ಟರು.

ಸಾಬರಮತಿ ದಂಡೆಯಲ್ಲಿ, ಶಾಹಪುರ ಬಾಗಿಲಿನ ಹೊರಗೆ, ಒಂದು ಜಾಲಿಮರದ ಕೆಳಗೆ ದಿನವೂ ಸಂಜೆ ಸಭೆ ಸೇರುತ್ತಿತ್ತು. ಅನಸೂಯಾ ಅವರ ಹೆಸರಿನಲ್ಲಿ ಹಂಚುತ್ತಿದ್ದ ಕರಪತ್ರಗಳನ್ನು ಬರೆಯುತ್ತಿದ್ದವರು ಗಾಂಧೀಜಿ. ಮಾಲೀಕರನ್ನು ಬೈದು ಜನರನ್ನು ಹುರಿದುಂಬಿಸುವ ಬರಹ ಇವುಗಳಲ್ಲಿ ಹುಡುಕಿದರೂ ಸಿಗದು. ಕೆಲಸವಿಲ್ಲದ ದಿನಗಳನ್ನು ಕಳೆಯುವುದು ಹೇಗೆ ಎಂಬುದಕ್ಕೇ ಒಂದು ಕರಪತ್ರ ಮೀಸಲು: ಜೂಜಾಡಬೇಡಿ, ಹಗಲು ನಿದ್ದೆ ಮಾಡಬೇಡಿ, ಚಹಾದಂಗಡಿಯಲ್ಲಿ ಕುಳಿತು ಮಾಲೀಕರ ಸುದ್ದಿಯನ್ನೇ ಆಡುತ್ತಿರಬೇಡಿ, ಮನೆ ಅಂಗಳ ಚೊಕ್ಕಟ ಮಾಡಿಕೊಳ್ಳಿ, ಮುರಿದದ್ದನ್ನು ದುರಸ್ತಿ ಮಾಡಿ, ಓದು ಬಲ್ಲವರು ಓದಿ, ಹೊಲಿಗೆಯೋ ಬಡಗಿ ಕೆಲಸವೋ ಬೇರೊಂದು ಕಸುಬು ಕಲಿಯಿರಿ. ಓದಿದವರಿಗೆ ಇದು ಉಪದೇಶದಂತೆ ಕಾಣಬಹುದು. ದಿನಕ್ಕೆ ಹನ್ನೆರಡು ತಾಸು ಯಂತ್ರದ ಮುಂದೆ ನಿಂತು ರೂಢಿಯಾದವನಿಗೆ ಕೆಲಸವಿಲ್ಲದ ಹಗಲು ಎಷ್ಟು ಉದ್ದವೆಂಬುದನ್ನು ಬರೆದವರು ಬಲ್ಲವರಾಗಿದ್ದರು. ಅನಸೂಯಾ, ಶಂಕರಲಾಲ್ ಮತ್ತಿತರರು ಬೆಳಗ್ಗೆ ಸಂಜೆ ಕಾರ್ಮಿಕರ ಕೇರಿಗಳಲ್ಲಿ ತಿರುಗಿ, ಕಾಯಿಲೆಯವರಿಗೆ ಔಷಧ ಕೊಡಿಸುತ್ತ, ಯಾರ ಮನೆಯಲ್ಲಿ ಏನು ಕಷ್ಟ ಎಂದು ವಿಚಾರಿಸುತ್ತಿದ್ದರು.

ಗಾಂಧೀಜಿ ಒಪ್ಪದ ಒಂದು ಉಪಾಯವೆಂದರೆ ದಾನದ ಹಣ. ಹೊರಗಿನವರ ಹಣದಲ್ಲಿ ಉಂಡು ಕುಳಿತರೆ ಹೋರಾಟಕ್ಕೆ ಬೆಲೆಯಿರುವುದಿಲ್ಲ ಎಂಬುದು ಅವರ ವಾದ. ಅದಕ್ಕೆ ಬದಲಾಗಿ ಕೆಲಸ ಹುಡುಕಲಾಯಿತು. ಸಾಬರಮತಿ ಆಶ್ರಮದ ಕಟ್ಟಡಗಳು ಆಗಷ್ಟೇ ಏಳುತ್ತಿದ್ದವು. ನೇಯ್ಗೆ ಶಾಲೆಯ ತಳಪಾಯಕ್ಕೆ ನದಿಯ ಮರಳು ಬೇಕಿತ್ತು. ಕಾರ್ಮಿಕರು ಸಾಲಾಗಿ ಬುಟ್ಟಿಯಲ್ಲಿ ಮರಳು ಹೊತ್ತರು, ಅನಸೂಯಾ ಕೂಡ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಆ ಸಾಲಿನಲ್ಲಿ ನಡೆದರು. ಆದರೆ ಸಾವಿರಾರು ಮನೆಗಳ ಒಲೆ ಮರಳಿನ ಕೂಲಿಯಿಂದ ಉರಿಯುವಂಥದ್ದಲ್ಲ. ಮಾರ್ಚ್ 12ರಂದು ಮಾಲೀಕರು ಬೀಗ ತೆಗೆದು, 20ಕ್ಕೆ ಒಪ್ಪುವವರು ಬರಬಹುದು ಎಂದರು; ಅಂದಿನಿಂದ ಅದು ನಿಜವಾದ ಅರ್ಥದಲ್ಲಿ ಮುಷ್ಕರ. ಕೆಲವರು ಒಳಗೆ ಹೋಗತೊಡಗಿದರು. ಬೆಳಗಿನ ಸಭೆಗೆ ಜನರನ್ನು ಕರೆಯಲು ಕೇರಿಗೆ ಹೋದ ಛಗನಲಾಲ್ ಗಾಂಧಿಯವರಿಗೆ ಸಿಕ್ಕಿದ ಉತ್ತರ ಮಹಾದೇವ ದೇಸಾಯಿಯವರ ಬರಹದಲ್ಲಿ ದಾಖಲಾಗಿದೆ: ಅನಸೂಯಾಬೆನ್ನರಿಗೂ ಗಾಂಧೀಜಿಗೂ ಏನು, ಕಾರಿನಲ್ಲಿ ಬರುತ್ತಾರೆ, ಕಾರಿನಲ್ಲಿ ಹೋಗುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಸಾಯುತ್ತಿರುವವರು ನಾವು ಎಂಬ ಧಾಟಿಯ ಮಾತು. ಮಾರ್ಚ್ 15ರಂದು ಗಾಂಧೀಜಿ ಉಪವಾಸಕ್ಕೆ ಕುಳಿತರು. 18ಕ್ಕೆ ರಾಜಿಯಾಯಿತು. ರಾಜಿಯ ಸೂತ್ರ ಕೊಂಚ ವಿಚಿತ್ರವೇ: ಮೊದಲ ದಿನ 35, ಎರಡನೆಯ ದಿನ 20, ಆಮೇಲೆ ಪಂಚರ ತೀರ್ಪು ಬರುವ ತನಕ ಇಪ್ಪತ್ತೇಳೂವರೆ. ಮೊದಲ ದಿನ ಕಾರ್ಮಿಕರ ಪ್ರತಿಜ್ಞೆಯೂ ಎರಡನೆಯ ದಿನ ಮಾಲೀಕರ ಹಟವೂ ಉಳಿದಂತಾಯಿತು. ಪಂಚರಾಗಿದ್ದ ಆನಂದಶಂಕರ ಧ್ರುವ ಅದೇ ಆಗಸ್ಟಿನಲ್ಲಿ 35ನ್ನೇ ಎತ್ತಿಹಿಡಿದರು.

ಉಪವಾಸ ಗೆದ್ದಿತೆಂಬುದು ಜನಪ್ರಿಯ ನೆನಪು. ಕೇರಿಯ ಆ ಕಹಿ ಮಾತು ಹೇಳುವುದು ಬೇರೆ: ಮೂರು ವಾರ ದಾಟಿದರೆ ಪ್ರತಿಜ್ಞೆಗೂ ಅಕ್ಕಿಬೇಳೆ ಬೇಕು. 1920ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಮಜೂರ್ ಮಹಾಜನ್ ಸಂಘ ಸ್ಥಾಪನೆಯಾದಾಗ ಅದರ ಕಾರ್ಯಪದ್ಧತಿ ಈ ಅನುಭವದ ಮೇಲೆಯೇ ರೂಪುಗೊಂಡಿತು. ದೂರು ದಾಖಲಿಸುವುದು, ಮಾತುಕತೆ, ಪಂಚಾಯಿತಿ ಎಲ್ಲ ಮುಗಿದ ಮೇಲೆ ಕೊನೆಯ ಮೆಟ್ಟಿಲಾಗಿ ಮಾತ್ರ ಮುಷ್ಕರ.

ಮದರಾಸಿನ ಕತೆ ಇದಕ್ಕೆ ವ್ಯತಿರಿಕ್ತ. ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರಿಗಾಗಿ 1918ರ ಏಪ್ರಿಲ್ 27ರಂದು ಬಿ.ಪಿ. ವಾಡಿಯಾ ಮುಂತಾದವರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಬೆಂಗಳೂರಿನವರು ಬಿನ್ನಿ ಮಿಲ್ ಎಂದೇ ಕರೆದ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯೂ ಇದೇ ಕಂಪನಿಯದು. ಮಾಲೀಕರು ವಾಡಿಯಾ ಅವರ ಮೇಲೆ ಮದರಾಸು ಹೈಕೋರ್ಟಿನಲ್ಲಿ ದಾವೆ ಹೂಡಿ, ಕರಾರು ಮುರಿಯಲು ಕೆಲಸಗಾರರನ್ನು ಪ್ರಚೋದಿಸಿದರೆಂದು ತಡೆಯಾಜ್ಞೆ ತಂದರು. ಮುಷ್ಕರಕ್ಕೆ ಜನರನ್ನು ಸಿದ್ಧಗೊಳಿಸುವುದೇ ಆ ದಿನದ ಕಾನೂನಿನಲ್ಲಿ ಅಪರಾಧದಂತಾಗಿತ್ತು. 1921ರಲ್ಲಿ ತಿಂಗಳುಗಟ್ಟಲೆ ನಡೆದ ದೊಡ್ಡ ಮುಷ್ಕರ ಸೋಲುವುದಕ್ಕೆ ಮಾತ್ರ ಕೋರ್ಟಿನ ಹೊರಗೂ ಕಾರಣವಿತ್ತು. ಗಿರಣಿಯ ಆದಿದ್ರಾವಿಡ ಕಾರ್ಮಿಕರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋದರು. ಉಳಿದವರಿಗಿಂತ ಅವರು ಬಡವರು, ಕೈಸಾಲ ಹುಟ್ಟುವುದು ಕಷ್ಟ, ಸಂಘದ ಮುಂದಾಳುತನದಲ್ಲಿ ಅವರಿಗೆ ಜಾಗವೂ ಇರಲಿಲ್ಲ. ಅವರನ್ನು ಮೊದಲೇ ಒಳಗೆ ತೆಗೆದುಕೊಳ್ಳದ ಸಂಘ, ಮುಷ್ಕರದ ಹೊತ್ತಿಗೆ ಅವರನ್ನು ದ್ರೋಹಿಗಳೆಂದು ಕರೆಯಿತು. ಪುಳಿಯಂತೋಪಿನಲ್ಲಿ ಗಲಭೆಯಾಗಿ ಗುಡಿಸಲುಗಳು ಸುಟ್ಟವು, ಗೋಲಿಬಾರಾಯಿತು, ಮುಷ್ಕರ ಮುರಿಯಿತು.

ವಾಡಿಯಾ ಪ್ರಕರಣದ ಬೆನ್ನಿಗೇ ಎನ್.ಎಂ. ಜೋಶಿ 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕೆಂಬ ಗೊತ್ತುವಳಿ ತಂದರು. ಫಲವಾಗಿ ಬಂದದ್ದು 1926ರ ಕಾರ್ಮಿಕ ಸಂಘಗಳ ಅಧಿನಿಯಮ. ನೋಂದಾಯಿತ ಸಂಘದ ಪದಾಧಿಕಾರಿಗಳ ಮೇಲೆ ಮುಷ್ಕರಕ್ಕೆ ಪ್ರಚೋದಿಸಿದ ಕಾರಣಕ್ಕೆ ಸಿವಿಲ್ ದಾವೆ ಹೂಡುವಂತಿಲ್ಲ, ಚಂದಾ ಹಣವನ್ನು ಕೈಗಾರಿಕಾ ವಿವಾದ ನಡೆಸಲು ಖರ್ಚು ಮಾಡಬಹುದು ಎಂದು ಅದು ಹೇಳಿತು. ಕಾಗದದ ಮೇಲೆ ಮುಷ್ಕರ ನಿಧಿಗೆ ದಾರಿ ತೆರೆಯಿತು. ನಿಧಿ ಮಾತ್ರ ತುಂಬಲಿಲ್ಲ. ತಿಂಗಳಿಗೆ ಕೆಲವು ಆಣೆ ಚಂದಾ, ಅದೂ ಬಾಕಿ. ಕಚೇರಿ ಬಾಡಿಗೆ, ಕೋರ್ಟು ಖರ್ಚು ಕಳೆದರೆ ಉಳಿಯುವುದು ಅತ್ಯಲ್ಪ. ಬ್ರಿಟನ್ನಿನ ಸಂಘಗಳಂತೆ ಮುಷ್ಕರದ ವಾರಗಳಲ್ಲಿ ಸದಸ್ಯರಿಗೆ ಭತ್ಯೆ ಹಂಚುವ ಶಕ್ತಿ ಇಲ್ಲಿಯ ಸಂಘಗಳಿಗೆ ಬರಲೇ ಇಲ್ಲ. ಇಲ್ಲಿ ಮುಷ್ಕರವನ್ನು ಹೊತ್ತದ್ದು ಕಿರಾಣಿ ಅಂಗಡಿಯ ಉದ್ರಿ, ಊರಿನ ತುಂಡು ಹೊಲ ಮತ್ತು ಕೇರಿಯ ನೆರೆಹೊರೆ.

1928ರ ಮುಂಬಯಿ ಇದಕ್ಕೆ ದೊಡ್ಡ ಸಾಕ್ಷಿ. ಇಬ್ಬರು ಮಾಡುವ ಕೆಲಸವನ್ನು ಒಬ್ಬನಿಂದ ಮಾಡಿಸುವ, ಎರಡು ಮಗ್ಗ ನೋಡುವವನಿಗೆ ಮೂರು ಮಗ್ಗ ವಹಿಸುವ ಹೊಸ ಪದ್ಧತಿ ಗಿರಣಿಗಳಿಗೆ ಬರುತ್ತಿತ್ತು. ಆ ವರ್ಷದ ಆರಂಭದಿಂದಲೇ ಒಂದೊಂದು ಗಿರಣಿಯಲ್ಲಿ ಬಿಡಿಬಿಡಿಯಾಗಿ ಕೆಲಸ ನಿಂತು, ಏಪ್ರಿಲ್ ಕೊನೆಗೆ ಊರಿನ ಸುಮಾರು ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಗಿದ್ದರು. ಆಶ್ಚರ್ಯವೆಂದರೆ, ಇದನ್ನು ಮುನ್ನಡೆಸಿದ ಗಿರಣಿ ಕಾಮಗಾರ್ ಯೂನಿಯನ್ ನೋಂದಣಿಯಾದದ್ದು ಮುಷ್ಕರ ಶುರುವಾದ ಮೇಲೆ, ಮೇ ತಿಂಗಳಲ್ಲಿ. ಮೃದುಪಂಥದ ಜೋಶಿಯವರ ಸಂಘವೂ ಡಾಂಗೆ, ನಿಂಬಕರ್, ಆಳ್ವೆಯವರ ಹೊಸ ಸಂಘವೂ ಸೇರಿ ಜಂಟಿ ಮುಷ್ಕರ ಸಮಿತಿಯಾಯಿತು. ಅದು 17 ಬೇಡಿಕೆಗಳ ಪಟ್ಟಿ ಮುಂದಿಟ್ಟಿತು. ಸಿದ್ಧತೆ ಮತ್ತು ಮುಷ್ಕರ ಇಲ್ಲಿ ಒಟ್ಟೊಟ್ಟಿಗೆ ನಡೆದವು. ಪರೇಲ್, ಲಾಲ್‌ಬಾಗ್ ಕಡೆಯ ಮೈದಾನಗಳಲ್ಲಿ ಸಭೆ. ಚಾಳುಗಳಿಗೆ ಹೋಗಿ ಮನೆಮನೆಯ ಮಾತು. ತೀರ ಕಷ್ಟದಲ್ಲಿದ್ದವರಿಗೆ ಧಾನ್ಯ. ಮುಂಗಾರು ಹತ್ತಿರವಾದಂತೆ ಕೊಂಕಣ ಮತ್ತು ಘಟ್ಟದ ಮೇಲಿನ ಊರುಗಳವರು ಸಾವಿರಗಟ್ಟಲೆ ತಮ್ಮ ಹಳ್ಳಿಗಳಿಗೆ ಹೋದರು. ಹೊಲದಲ್ಲಿ ನಾಟಿ, ಮನೆಯಲ್ಲಿ ಗಂಜಿ. ನಗರದಲ್ಲಿ ಉಣಿಸಬೇಕಾದ ಬಾಯಿಗಳು ಅಷ್ಟು ಕಡಿಮೆಯಾದವು. ಮುಷ್ಕರ ಅಕ್ಟೋಬರ್ ಮೊದಲ ವಾರದವರೆಗೆ ನಿಂತಿತು. ಮೊದಲು ಕೇವಲ 324 ಸದಸ್ಯರಿದ್ದ ಗಿರಣಿ ಕಾಮಗಾರ್ ಯೂನಿಯನ್ನಿಗೆ ಡಿಸೆಂಬರಿನ ಹೊತ್ತಿಗೆ 54,000 ಸದಸ್ಯರು.

ಆ ಅವಧಿಯ ಮುಖ್ಯ ಗಳಿಕೆ ಗಿರಣಿ ಸಮಿತಿಗಳು. ಪ್ರತಿ ಗಿರಣಿಯಲ್ಲಿ ಖಾತೆವಾರು ಆರಿಸಿದ ಕಾರ್ಮಿಕರ ಸಮಿತಿ ಚಂದಾ ಎತ್ತುತ್ತ, ದೂರು ಕೇಳುತ್ತ, ಜಾಬರನ ಮಾತಿಗೆ ಎದುರು ಮಾತು ಹೇಳುತ್ತ ಬೆಳೆಯಿತು. ಸರ್ಕಾರಕ್ಕೂ ಅದರ ಮಹತ್ವ ತಿಳಿದಿರಬೇಕು. 1929ರ ಮಾರ್ಚಿನಲ್ಲಿ ಮೀರತ್ ಮೊಕದ್ದಮೆಯ ಹೆಸರಿನಲ್ಲಿ ಡಾಂಗೆ, ಮಿರಜ್‌ಕರ್, ಮಂಗಳೂರಿನಲ್ಲಿ ಹುಟ್ಟಿದ ಎಸ್.ವಿ. ಘಾಟೆ ಸೇರಿದಂತೆ ಮುಖಂಡರ ಬಂಧನವಾಯಿತು. ಕೆಲವೇ ವಾರಗಳಲ್ಲಿ ಯೂನಿಯನ್ ಮತ್ತೊಂದು ಸಾರ್ವತ್ರಿಕ ಮುಷ್ಕರಕ್ಕೆ ಕರೆ ಕೊಟ್ಟಿತು. ಹಿಂದಿನ ವರ್ಷದ ಉದ್ರಿ ಇನ್ನೂ ತೀರಿರಲಿಲ್ಲ, ಅಂಗಡಿಯವನು ಮತ್ತೆ ಕೊಡುವ ಸ್ಥಿತಿಯಲ್ಲಿರಲಿಲ್ಲ, ಅನುಭವಿಗಳು ಜೈಲಿನಲ್ಲಿದ್ದರು. ಅದು ಸೋತಿತು. ಅದೇ 1929ರ ವ್ಯಾಪಾರ ವಿವಾದ ಅಧಿನಿಯಮ ಸಾರ್ವಜನಿಕ ಸೇವೆಗಳಲ್ಲಿ 14 ದಿನದ ನೋಟಿಸಿಲ್ಲದೆ ಮುಷ್ಕರ ಹೂಡುವುದನ್ನು ನಿಷೇಧಿಸಿತು.

ಈ 14 ದಿನದ ಸೂತ್ರ 1947ರ ಕೈಗಾರಿಕಾ ವಿವಾದ ಅಧಿನಿಯಮಕ್ಕೂ ಬಂತು. ರೈಲು, ನೀರು, ವಿದ್ಯುತ್ತಿನಂಥ ಸೇವೆಗಳಲ್ಲಿ ನೋಟಿಸ್ ಕೊಟ್ಟು 14 ದಿನ ಕಾಯಬೇಕಿತ್ತು, ನೋಟಿಸಿಗೆ ಆರು ವಾರದ ಆಯುಷ್ಯವಿತ್ತು. ರಾಜಿ ಸಂಧಾನ ನಡೆಯುತ್ತಿದ್ದರೆ ಅದು ಮುಗಿದು 7 ದಿನದವರೆಗೂ ಕೆಲಸ ನಿಲ್ಲಿಸುವಂತಿರಲಿಲ್ಲ. ಸ್ವತಂತ್ರ ಭಾರತದ ಸಂಘಗಳ ಮುಷ್ಕರ ಸಿದ್ಧತೆಗೆ ಒಂದು ಸಿದ್ಧರೂಪ ಬಂದದ್ದು ಇದರಿಂದಲೇ. ಬೇಡಿಕೆ ಪಟ್ಟಿ ಸಲ್ಲಿಕೆ, ಗೇಟ್ ಮೀಟಿಂಗ್, ಕಪ್ಪುಪಟ್ಟಿ, ಒಂದು ದಿನದ ಸಾಂಕೇತಿಕ ಮುಷ್ಕರ, ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆ, ಆಮೇಲೆ ಅನಿರ್ದಿಷ್ಟ ಕಾಲದ ಮುಷ್ಕರ: ಕಾರ್ಖಾನೆ ಯಾವುದಾದರೂ ಕ್ರಮ ಬಹುತೇಕ ಇದೇ. ಕಾಯುವ ದಿನಗಳು ಸಂಘಕ್ಕೆ ಜನರನ್ನು ಒಟ್ಟುಗೂಡಿಸಲು ಸಿಕ್ಕವು. ಎದುರಾಳಿಗೂ ಅಷ್ಟೇ ದಿನಗಳು ಸಿಕ್ಕವು.

ಎದುರಾಳಿ ಆ ದಿನಗಳನ್ನು ಹೇಗೆ ಬಳಸಿಕೊಳ್ಳಬಲ್ಲ ಎಂಬುದನ್ನು 1974ರ ರೈಲ್ವೆ ಮುಷ್ಕರ ತೋರಿಸಿತು. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ 1973ರಲ್ಲಿ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಅಧ್ಯಕ್ಷರಾದರು. 1974ರ ಫೆಬ್ರವರಿಯಲ್ಲಿ ಹಲವು ಸಂಘಗಳು ಸೇರಿ ರಾಷ್ಟ್ರೀಯ ಸಮನ್ವಯ ಸಮಿತಿಯಾಯಿತು. ಎಂಟು ಗಂಟೆ ಕೆಲಸ, ಬೋನಸ್, ಸಾರ್ವಜನಿಕ ಉದ್ಯಮಗಳಿಗೆ ಸಮನಾದ ವೇತನ ಮುಖ್ಯ ಬೇಡಿಕೆಗಳು. ಏಪ್ರಿಲ್ 23ಕ್ಕೆ ನೋಟಿಸ್, ಮೇ 8ಕ್ಕೆ ಮುಷ್ಕರ. ಮಾತುಕತೆ ನಡೆಯುತ್ತಿರುವಾಗಲೇ, ಮೇ 2ರಂದು, ಫರ್ನಾಂಡಿಸರನ್ನು ಲಖನೌದಲ್ಲಿ ಬಂಧಿಸಲಾಯಿತು. ದೇಶದ ಉದ್ದಗಲಕ್ಕೂ ಸಾವಿರಾರು ಜನ ಒಳಗೆ ಹೋದರು. ಆದರೂ ಮುಷ್ಕರ ನಡೆಯಿತು. ಕಾರಣ, ಲೋಕೋ ಶೆಡ್ಡು, ಯಾರ್ಡು, ವರ್ಕ್‌ಶಾಪುಗಳ ಮಟ್ಟದಲ್ಲಿ ಸ್ಥಳೀಯರೇ ಹೊಣೆ ಹೊತ್ತಿದ್ದರು. 1973ರಲ್ಲಿ ತಾವಾಗಿಯೇ ಕೆಲಸ ನಿಲ್ಲಿಸಿ ನೋಡಿದ್ದ ಎಂಜಿನ್ ಚಾಲಕ ಸಿಬ್ಬಂದಿಗೆ ಆ ಅನುಭವವಿತ್ತು. ರೈಲ್ವೆ ಕಾಲೊನಿಗಳೇ ಬಲವೂ ಆದವು, ದುರ್ಬಲ ಜಾಗವೂ ಆದವು. ಅಕ್ಕಪಕ್ಕದ ಮನೆಗಳವರೆಲ್ಲ ಮುಷ್ಕರದಲ್ಲಿದ್ದುದರಿಂದ ಧೈರ್ಯವಿತ್ತು. ಆದರೆ ಮನೆ ಇಲಾಖೆಯದು. ಕ್ವಾರ್ಟರ್ಸ್ ಖಾಲಿ ಮಾಡಿಸುವುದು, ನೀರು ವಿದ್ಯುತ್ತು ಕಡಿಯುವುದು ಸುರುವಾದಾಗ ಒತ್ತಡ ನೇರವಾಗಿ ಬಿದ್ದದ್ದು ಹೆಂಗಸರು ಮಕ್ಕಳ ಮೇಲೆ. ಮೇ 27ಕ್ಕೆ ಮುಷ್ಕರ ಹಿಂತೆಗೆದುಕೊಳ್ಳಬೇಕಾಯಿತು.

ಬೆಂಗಳೂರಿನ ಸರದಿ ಆರು ವರ್ಷದ ಮೇಲೆ ಬಂತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಎಂಬ ಐದು ಕೇಂದ್ರೋದ್ಯಮಗಳ ಸಂಘಗಳು ಜಂಟಿ ವೇದಿಕೆ ಕಟ್ಟಿಕೊಂಡು, ಬಿಎಚ್‌ಇಎಲ್ ನೌಕರರಿಗೆ ಸಮನಾದ ವೇತನ ಕೇಳಿದವು. 1980ರ ಡಿಸೆಂಬರ್ 26ರಿಂದ 77 ದಿನ, ಸುಮಾರು ಒಂದೂಕಾಲು ಲಕ್ಷ ಕಾರ್ಮಿಕರು ಕೆಲಸಕ್ಕೆ ಹೋಗಲಿಲ್ಲ. ಮುಂಬಯಿಯ ಗಿರಣಿಯವರಿಗೂ ಇವರಿಗೂ ಬಹಳ ಅಂತರ. ಇವರದು ಕಾಯಂ ನೌಕರಿ, ಸಬ್ಸಿಡಿ ಕ್ಯಾಂಟೀನು, ಕಂಪನಿ ಬಸ್ಸು, ಸೊಸೈಟಿ ಸಾಲ. ಕಾರ್ಖಾನೆಯ ಬಸ್ಸಿನಲ್ಲಿ ಬಂದಿಳಿದು ಪಾಳಿ ಬದಲಾಗುವ ಹೊತ್ತಿಗೆ ಗೇಟಿನಲ್ಲಿ ಸೇರುವವರನ್ನು ಸಭೆಗೆ ನಿಲ್ಲಿಸುವುದು ಸುಲಭ. ಗೇಟು ಮುಚ್ಚಿದ ಮೇಲೆ ಅದೇ ಜನ ಜಾಲಹಳ್ಳಿಯಿಂದ ದೂರವಾಣಿನಗರದವರೆಗೆ, ಊರಿನ ನೂರು ಬಡಾವಣೆಗಳಿಗೆ ಚದುರಿಹೋದರು. ಅಹಮದಾಬಾದಿನ ಜಾಲಿಮರದಡಿಯ ಸಭೆಗೆ ಸಮನಾದದ್ದನ್ನು ಇಲ್ಲಿ ಕಟ್ಟುವುದು ಸುಲಭವಿರಲಿಲ್ಲ. ಮನೆಸಾಲದ ಕಂತು, ಶಾಲೆಯ ಫೀಜು ಇದ್ದವರಿಗೆ ಸಂಬಳವಿಲ್ಲದ ಮೂರನೆಯ ತಿಂಗಳು ಮೊದಲೆರಡರಂತಲ್ಲ. ಕೇಳಿದ ಸಮಾನತೆ ಕೈಗೆ ಬಾರದೆಯೇ ಕೆಲಸಕ್ಕೆ ಮರಳಬೇಕಾಯಿತು. ಮರುವರ್ಷ, 1982ರ ಜನವರಿ 18ರಂದು, ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆಗಲೂ ಊರು ಅವರಿಗೆ ಅನ್ನ ಹಾಕಿತು. ಆದರೆ ಮಾಲೀಕರಿಗೆ ಗಿರಣಿ ಮುಚ್ಚಿರುವುದೇ ನಷ್ಟವಲ್ಲದ ಕಾಲ ಬಂದಿತ್ತು. ಆ ಮುಷ್ಕರವನ್ನು ಅಧಿಕೃತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ.

ಸಂಬಳದ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ಮತ್ತಷ್ಟು ಬಿಗಿಗೊಳಿಸಿತು. ಮಣಿಪಾಲದಲ್ಲಿ ಪ್ರಧಾನ ಕಚೇರಿಯಿದ್ದ ಸಿಂಡಿಕೇಟ್ ಬ್ಯಾಂಕಿನ ನೌಕರರ ಪ್ರಕರಣದಲ್ಲಿ, 1994ರಲ್ಲಿ, ಮುಷ್ಕರ ಕಾನೂನುಬದ್ಧವೂ ಸಮರ್ಥನೀಯವೂ ಎರಡೂ ಆಗಿದ್ದರೆ ಮಾತ್ರ ಆ ದಿನಗಳ ವೇತನ ಕೇಳಬಹುದು ಎಂದು ಸಂವಿಧಾನ ಪೀಠ ಹೇಳಿತು. ಅಲ್ಲಿಂದೀಚೆಗೆ ನೋಟಿಸಿನ ಒಕ್ಕಣೆ, ತಾರೀಖು, ಸಂಧಾನದ ನಡಾವಳಿ ಇವೆಲ್ಲ ಪದಾಧಿಕಾರಿಗಳು ವಕೀಲರ ಜೊತೆ ಕುಳಿತು ನೋಡಬೇಕಾದ ವಿಷಯಗಳಾದವು.

ಕರ್ನಾಟಕದ ಸಾರಿಗೆ ನಿಗಮಗಳ ನೌಕರರು 2021ರ ಏಪ್ರಿಲಿನಲ್ಲಿ ಆರನೇ ವೇತನ ಆಯೋಗದ ಶಿಫಾರಸಿಗೆ ಸಮನಾದ ವೇತನಕ್ಕಾಗಿ ಹೂಡಿದ ಮುಷ್ಕರದಲ್ಲಿ ಹಳೆಯ ಕ್ರಮವೂ ಹೊಸ ಯುಕ್ತಿಗಳೂ ಬೆರೆತಿದ್ದವು. ಮುಷ್ಕರಕ್ಕೆ ಮೊದಲಿನ ದಿನಗಳಲ್ಲಿ ಕಪ್ಪುಪಟ್ಟಿ ಕಟ್ಟಿಕೊಂಡು ಬಸ್ಸು ಓಡಿಸಿದರು, ಸಂಬಳ ಸಾಲದೆಂದು ತೋರಿಸಲು ರಸ್ತೆಬದಿಯಲ್ಲಿ ಬೋಂಡಾ ಬಜ್ಜಿ ಮಾರಿದರು. ಮುಷ್ಕರ ಶುರುವಾದ ಮೇಲೆ ಯುಗಾದಿಯ ಹೊತ್ತಿಗೆ ಮನೆಯವರೂ ಬೀದಿಗಿಳಿದು ತಟ್ಟೆ ಲೋಟ ಬಡಿದರು. ಡ್ರೈವರು ಕಂಡಕ್ಟರುಗಳು ರಾಜ್ಯದ ನೂರಾರು ಡಿಪೊಗಳಲ್ಲಿ ಹಂಚಿಹೋಗಿರುವವರು. ಅವರನ್ನು ಒಂದು ಮೈದಾನದಲ್ಲಿ ಸೇರಿಸುವುದು ಸಾಧ್ಯವಿಲ್ಲದ್ದರಿಂದ ಕುಟುಂಬಗಳನ್ನೇ ಸಭೆಯಾಗಿಸಿದ ಉಪಾಯವಿದು. ಸರ್ಕಾರದ ಕಡೆಯಿಂದ ಅಗತ್ಯ ಸೇವೆಗಳ ಕಾನೂನು, ಅಮಾನತು, ವರ್ಗಾವಣೆ, ಖಾಸಗಿ ಬಸ್ಸು ಬಂದವು.

2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ 14 ದಿನದ ನೋಟಿಸನ್ನು ಸಾರ್ವಜನಿಕ ಸೇವೆಗಳಿಗಷ್ಟೇ ಬಿಡದೆ ಎಲ್ಲ ಕೈಗಾರಿಕೆಗಳಿಗೂ ವಿಸ್ತರಿಸಿದೆ. ನೋಟಿಸಿನ ಕಾಟ ತಪ್ಪಿಸಿಕೊಳ್ಳಲು ಸಂಘಗಳು ಬಹುಕಾಲ ಬಳಸಿದ ದಾರಿಯೊಂದಿತ್ತು: ಮುಷ್ಕರವೆನ್ನದೆ ಎಲ್ಲರೂ ಒಂದೇ ದಿನ ಸಾಂದರ್ಭಿಕ ರಜೆ ಹಾಕುವುದು. ಒಂದು ಸಂಸ್ಥೆಯ ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಾಗಿ ಅಂಥ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಎಣಿಸಬೇಕೆಂದು ಸಂಹಿತೆ ಹೇಳುತ್ತದೆ.